ಗದಗಿನಲ್ಲಿ ಕುಳಿತು ಆರ್ಥರ್ ಸಿ. ಕ್ಲಾರ್ಕ್ ಅವರ ಮೊದಲ ಮುದ್ರಣಗಳನ್ನು ಕೂಡಿಡುವುದು ಹೇಗೆ?

ಪ್ರಶ್ನೆ: ನಾನು ಗದಗಿನ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕ. ವಿದ್ಯಾರ್ಥಿ ದೆಸೆಯಿಂದಲೂ ಆರ್ಥರ್ ಸಿ. ಕ್ಲಾರ್ಕ್ ಅವರ ವಿಜ್ಞಾನ ಕಥೆಗಳನ್ನು ಓದುತ್ತ ಬಂದಿದ್ದೇನೆ. ಈಚೆಗೆ ಹುಬ್ಬಳ್ಳಿಯ ರದ್ದಿ ಅಂಗಡಿಯೊಂದರಲ್ಲಿ ಎರಡು ವಸ್ತುಗಳು ಸಿಕ್ಕವು. ಒಂದು, ಕ್ಲಾರ್ಕ್ ಕಥೆಯಿರುವ 'ಅಸ್ಟೌಂಡಿಂಗ್' ಪತ್ರಿಕೆಯ ಹಳೆಯ ಸಂಚಿಕೆ. ಬೆಲೆ ಬ್ರಿಟಿಷ್ ನಾಣ್ಯದಲ್ಲಿದೆ. ಇನ್ನೊಂದು, '2001: ಎ ಸ್ಪೇಸ್ ಒಡಿಸ್ಸಿ' ಗಟ್ಟಿ ರಟ್ಟಿನ ಪುಸ್ತಕ, ಹೊದಿಕೆಯ ಮೇಲೆ ಎಲ್ಲಿಯೂ ಬೆಲೆಯಿಲ್ಲ, ಹಿಂದಿನ ರಟ್ಟಿನ ಕೆಳಮೂಲೆಯಲ್ಲಿ ಒಂದು ಸಣ್ಣ ಗುಳಿ ಇದೆ. ಇವು ಮೊದಲ ಮುದ್ರಣದವೇ? ತಿಂಗಳಿಗೆ ಸುಮಾರು ಎರಡು ಸಾವಿರ ರೂಪಾಯಿ ತೆಗೆದಿಡಬಲ್ಲೆ. ಸಂಗ್ರಹವನ್ನು ಎಲ್ಲಿಂದ ಆರಂಭಿಸಲಿ, ನಮ್ಮ ಹವೆಯಲ್ಲಿ ಹೇಗೆ ಕಾಪಾಡಲಿ, ಲೇಖಕರ ಸಹಿಯಿರುವ ಪ್ರತಿ ಕೊಳ್ಳುವುದು ಒಳ್ಳೆಯದೇ?

ಉತ್ತರ: ಮೊದಲು ನಿಮ್ಮ ಕೈಯಲ್ಲಿರುವ ಎರಡರ ವಿಷಯ ಹೇಳಿಬಿಡುತ್ತೇನೆ. ನೀವು ಕೊಟ್ಟಿರುವ ವಿವರದ ಪ್ರಕಾರ ಎರಡೂ ಮೊದಲ ಮುದ್ರಣದವಲ್ಲ. ಹಾಗೆಂದು ಬೇಸರ ಬೇಡ, ಎರಡನ್ನೂ ಇಟ್ಟುಕೊಳ್ಳಿ. ಯಾವುದು ಮೊದಲ ಮುದ್ರಣ ಎಂದು ಕಲಿಯುವುದಕ್ಕೆ ಮೊದಲ ಮುದ್ರಣವಲ್ಲದ ಪ್ರತಿಯೊಂದು ಕೈಯಲ್ಲಿರುವುದು ಬಹಳ ಉಪಯುಕ್ತ.

'ಅಸ್ಟೌಂಡಿಂಗ್ ಸೈನ್ಸ್ ಫಿಕ್ಷನ್' ಅಮೆರಿಕದ ಪತ್ರಿಕೆ. ಕ್ಲಾರ್ಕ್ ಬರೆಯತೊಡಗಿದ ಕಾಲದಲ್ಲಿ ನ್ಯೂಯಾರ್ಕಿನ ಸ್ಟ್ರೀಟ್ ಅಂಡ್ ಸ್ಮಿತ್ ಸಂಸ್ಥೆ ಅದನ್ನು ಪ್ರಕಟಿಸುತ್ತಿತ್ತು; 1946ರ ಸಂಚಿಕೆಗಳ ಬೆಲೆ 25 ಸೆಂಟ್. ಅದಕ್ಕೊಂದು ಬ್ರಿಟಿಷ್ ಮರುಮುದ್ರಣವೂ ಇತ್ತು. ಲಂಡನ್ನಿನ ಅಟ್ಲಾಸ್ ಸಂಸ್ಥೆ 1939ರ ಆಗಸ್ಟಿನಿಂದ 1963ರವರೆಗೆ ಅದನ್ನು ಹೊರತಂದಿತು. ಮುಖಪುಟದ ಮೇಲೆ ಅದೇ ಹೆಸರು, ಒಳಗೆ ಅವೇ ಕಥೆಗಳು. ಆದರೆ ಪುಟ ಕಡಿಮೆ, ಮೂಲ ಸಂಚಿಕೆಯ ಎಲ್ಲ ಕಥೆಗಳೂ ಇರುವುದಿಲ್ಲ, ತಿಂಗಳುಗಳೂ ಮೂಲಕ್ಕೆ ಹೊಂದುವುದಿಲ್ಲ. ಬೆಲೆ ಪೆನ್ನಿ, ಶಿಲ್ಲಿಂಗಿನಲ್ಲಿದ್ದರೆ ಅದು ಈ ಮರುಮುದ್ರಣವೇ. ಕ್ಲಾರ್ಕ್ ಅವರ 'ಲೂಪ್‌ಹೋಲ್' 1946ರ ಏಪ್ರಿಲ್ ಸಂಚಿಕೆಯಲ್ಲೂ 'ರೆಸ್ಕ್ಯೂ ಪಾರ್ಟಿ' ಮೇ ಸಂಚಿಕೆಯಲ್ಲೂ ಬಂದವು. ಹಣ ಪಡೆದು ಬರೆದ ಕಥೆಗಾರನಾಗಿ ಅವರು ಕಾಲಿಟ್ಟದ್ದು ಹೀಗೆ. ಈ ಎರಡು ಸಂಚಿಕೆಗಳನ್ನು ಹುಡುಕುವಾಗ ಸೆಂಟಿನಲ್ಲಿ ಬೆಲೆ ಇರುವ ಪ್ರತಿಯನ್ನೇ ಕೇಳಿ.

ಇನ್ನು '2001'. ಅಮೆರಿಕದಲ್ಲಿ ನ್ಯೂ ಅಮೆರಿಕನ್ ಲೈಬ್ರರಿ, ಬ್ರಿಟನ್ನಿನಲ್ಲಿ ಹಚಿನ್ಸನ್ ಸಂಸ್ಥೆ ಇದನ್ನು 1968ರಲ್ಲಿ ಪ್ರಕಟಿಸಿದವು. ಅದೂ ಇದೇ ಹೆಸರಿನ ಚಲನಚಿತ್ರ ಬಿಡುಗಡೆಯಾದ ಮೇಲೆ. ನಿಮ್ಮದು ಬುಕ್ ಕ್ಲಬ್ ಪ್ರತಿ. ಸದಸ್ಯರಿಗೆ ಅಂಚೆಯ ಮೂಲಕ ಕಡಿಮೆ ದರದಲ್ಲಿ ಕಳಿಸುವುದಕ್ಕೆಂದೇ ಕ್ಲಬ್ಬುಗಳು ಇಂಥ ಪ್ರತಿಗಳನ್ನು ಅಚ್ಚು ಹಾಕಿಸುತ್ತಿದ್ದವು. ಹೊದಿಕೆಯ ಒಳಮಡಿಕೆಯಲ್ಲಿ ಬೆಲೆ ಇಲ್ಲದಿರುವುದು ಮೊದಲ ಗುರುತು, ಹಿಂದಿನ ರಟ್ಟಿನಲ್ಲಿ ಒತ್ತಿದ ಗುಳಿ ಎರಡನೆಯದು. ಡಬಲ್‌ಡೇ ಸಂಸ್ಥೆ ನಡೆಸುತ್ತಿದ್ದ ಕ್ಲಬ್ಬುಗಳ ಪುಸ್ತಕಗಳಲ್ಲಿ ಕೊನೆಯ ಪುಟಗಳ ಒಳಅಂಚಿನಲ್ಲಿ, ಹೊಲಿಗೆಯ ಹತ್ತಿರ, ಒಂದಕ್ಷರ ಮತ್ತು ಎರಡಂಕೆಯ ಪುಟ್ಟ ಸಂಕೇತವೂ ಇರುತ್ತದೆ. ಪುಸ್ತಕವನ್ನು ಪೂರ್ತಿ ಬಿಚ್ಚಿ ಹಿಡಿದರಷ್ಟೇ ಕಣ್ಣಿಗೆ ಬೀಳುತ್ತದೆ, ನೋಡಿ. ಒಂದು ಎಚ್ಚರಿಕೆ: ಕ್ಲಬ್ ಪ್ರತಿಯ ಹೊದಿಕೆಯನ್ನು ನಿಜವಾದ ಮೊದಲ ಮುದ್ರಣಕ್ಕೆ ಹೊದಿಸಿ ಮಾರುವವರಿದ್ದಾರೆ. ಒಳಮಡಿಕೆಯ ಮೂಲೆಯನ್ನು ಕತ್ತರಿಸಿದ್ದರೆ ಅಲ್ಲಿ ಬೆಲೆ ಇತ್ತೋ ಇರಲಿಲ್ಲವೋ ಹೇಳಲಾಗದು. ಅಂಥ ಪ್ರತಿಗೆ ಪೂರ್ಣ ಬೆಲೆ ಕೊಡಬೇಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಎಲ್ಲಿಂದ ಆರಂಭಿಸಬೇಕು ಎಂಬುದು. ಕ್ಲಾರ್ಕ್ ಅವರ ಎಲ್ಲ ಪುಸ್ತಕಗಳ ಮೊದಲ ಮುದ್ರಣ ಕೂಡಿಸುತ್ತೇನೆ ಎಂದು ಹೊರಡಬೇಡಿ. ತಿಂಗಳಿಗೆ ಎರಡು ಸಾವಿರದಲ್ಲಿ ಅದು ಆಗುವುದಿಲ್ಲ. ಆಯಿತೆಂದೇ ಇಟ್ಟುಕೊಂಡರೂ ಅದರಿಂದ ನಿಮಗೆ ಸಿಗುವುದು ಒಂದು ಸಾಲು ಸುಂದರ ಬೆನ್ನುಗಳು ಮಾತ್ರ. ಅದರ ಬದಲು ಒಂದು ಕಥೆಯನ್ನು ಹಿಡಿಯಿರಿ. ಅದು ಮೊದಲು ಯಾವ ಪತ್ರಿಕೆಯಲ್ಲಿ ಬಂತು, ಯಾವ ಹೆಸರಿನಲ್ಲಿ ಬಂತು, ಯಾರು ತಿದ್ದಿದರು, ಪುಸ್ತಕವಾಗುವಾಗ ಏನಾಯಿತು, ಲೇಖಕರೇ ಮುಂದೆ ಏನು ಬದಲಿಸಿದರು ಎಂಬುದನ್ನು ಹಂತ ಹಂತವಾಗಿ ಕೂಡಿಸಿ. ನಾಲ್ಕೈದು ಮುದ್ರಣಗಳಲ್ಲಿ ಒಂದು ಕಥೆಯ ಇಡೀ ಬಾಳು ನಿಮ್ಮ ಕಪಾಟಿಗೆ ಬರುತ್ತದೆ. ಓದುಗನಾಗಿದ್ದವನು ಸಂಗ್ರಾಹಕನಾಗುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ.

'ಚೈಲ್ಡ್‌ಹುಡ್ಸ್ ಎಂಡ್' ಕಾದಂಬರಿಯನ್ನೇ ತೆಗೆದುಕೊಳ್ಳೋಣ. ಅನ್ಯಲೋಕದ ನೌಕೆಗಳು ಭೂಮಿಯ ನಗರಗಳ ಮೇಲೆ ಬಂದು ನಿಲ್ಲುವ ಆ ಮೊದಲ ಭಾಗ ಮೂಲದಲ್ಲಿ 'ಗಾರ್ಡಿಯನ್ ಏಂಜೆಲ್' ಎಂಬ ಬಿಡಿ ಕಥೆ. ಅಮೆರಿಕದ 'ಫೇಮಸ್ ಫೆಂಟಾಸ್ಟಿಕ್ ಮಿಸ್ಟರೀಸ್' ಪತ್ರಿಕೆಯ 1950ರ ಏಪ್ರಿಲ್ ಸಂಚಿಕೆಯಲ್ಲಿ ಅದು ಮೊದಲು ಅಚ್ಚಾಯಿತು. ಆದರೆ ಅಲ್ಲಿರುವ ಮುಕ್ತಾಯ ಕ್ಲಾರ್ಕ್ ಅವರದಲ್ಲ. ಅವರ ಅಮೆರಿಕನ್ ಏಜೆಂಟ್ ಸ್ಕಾಟ್ ಮೆರೆಡಿತ್ ಅವರ ಕಡೆಯಿಂದ ಕಥೆ ಮಾರಾಟವಾಗುವ ಮುನ್ನ ಇನ್ನೊಬ್ಬ ವಿಜ್ಞಾನ ಕಥೆಗಾರ ಜೇಮ್ಸ್ ಬ್ಲಿಶ್ ಅದರ ಕೊನೆಯನ್ನು ತಿದ್ದಿ ಬರೆದಿದ್ದರು. ಕ್ಲಾರ್ಕ್ ಬರೆದ ರೂಪ ಅಚ್ಚಾದದ್ದು ಅದೇ ವರ್ಷದ ಚಳಿಗಾಲದ ಸಂಚಿಕೆಯಲ್ಲಿ, ಜಾನ್ ಕಾರ್ನೆಲ್ ಸಂಪಾದಿಸುತ್ತಿದ್ದ ಬ್ರಿಟನ್ನಿನ 'ನ್ಯೂ ವರ್ಲ್ಡ್ಸ್' ಪತ್ರಿಕೆಯಲ್ಲಿ. ಈಗ ಹೇಳಿ, ಈ ಕಥೆಯ ಮೊದಲ ಮುದ್ರಣ ಯಾವುದು? ಮಾರಾಟಗಾರರ ಪಟ್ಟಿ ಏಪ್ರಿಲ್ ಸಂಚಿಕೆಯ ಕಡೆ ಬೆರಳು ತೋರಿಸುತ್ತದೆ. ಕ್ಲಾರ್ಕ್ ಅವರ ಮಾತುಗಳು ಬೇಕೆನ್ನುವವನು 'ನ್ಯೂ ವರ್ಲ್ಡ್ಸ್' ಕೊಳ್ಳಬೇಕು. ನಾನಾದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೊನೆಯ ಪುಟಗಳನ್ನು ಸಾಲು ಸಾಲಾಗಿ ಹೋಲಿಸಿ ಓದುತ್ತೇನೆ. ಒಂದೇ ಕಥೆಗೆ ಇಬ್ಬರು ಸಮರ್ಥ ಬರಹಗಾರರು ಎರಡು ಮುಕ್ತಾಯ ಕೊಟ್ಟಿರುವುದನ್ನು ಹೀಗೆ ಕಾಗದದ ಮೇಲೆ ನೋಡುವ ಅವಕಾಶ ಬೇರೆಲ್ಲಿ ಸಿಗುತ್ತದೆ?

ಮುಂದಿನ ಹಂತ 1953. ಬ್ಯಾಲಂಟೈನ್ ಸಂಸ್ಥೆ ಕಾದಂಬರಿಯನ್ನು ಗಟ್ಟಿ ರಟ್ಟಿನಲ್ಲೂ ಪೇಪರ್‌ಬ್ಯಾಕ್‌ನಲ್ಲೂ ಒಟ್ಟಿಗೇ ಹೊರತಂದಿತು. ರಟ್ಟಿನ ಪ್ರತಿ ನಮ್ಮ ಕೈಗೆ ನಿಲುಕದು, ಅದರ ಆಸೆ ಬಿಡಿ. ಪೇಪರ್‌ಬ್ಯಾಕ್ 35 ಸೆಂಟಿನದು, ರಿಚರ್ಡ್ ಪವರ್ಸ್ ಬರೆದ ಮುಖಪುಟ ಚಿತ್ರ. ಅದೂ ಮೊದಲ ಮುದ್ರಣವೇ, ಒಂದು ಕೂದಲಿನಷ್ಟೂ ಕಡಿಮೆಯಲ್ಲ. ಒಳಗೆ ಒಂದು ವಿಚಿತ್ರ ಸೂಚನೆಯಿದೆ: ಈ ಪುಸ್ತಕದಲ್ಲಿ ವ್ಯಕ್ತವಾದ ಅಭಿಪ್ರಾಯಗಳು ಲೇಖಕನವಲ್ಲ ಎಂದು. ಬಾಹ್ಯಾಕಾಶ ಯಾನಕ್ಕಾಗಿ ಜೀವನವಿಡೀ ವಾದಿಸಿದವರು, ನಕ್ಷತ್ರಗಳು ಮನುಷ್ಯನಿಗಲ್ಲ ಎನ್ನುವ ಕಾದಂಬರಿ ಬರೆದಿದ್ದರಲ್ಲ, ಅದಕ್ಕೆ. ಕೊನೆಯ ಹಂತ 1990ರ ಹೊತ್ತಿನ ಮುದ್ರಣ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ರಾಕೆಟ್ ಪೈಪೋಟಿಯಿಂದ ಆರಂಭವಾಗುತ್ತಿದ್ದ ಮೊದಲ ಅಧ್ಯಾಯ ಹಳತಾಯಿತೆಂದು ಕ್ಲಾರ್ಕ್ ಅದನ್ನು ಹೊಸದಾಗಿ ಬರೆದುಕೊಟ್ಟರು. ಈ ಮುದ್ರಣ ಇಂದಿಗೂ ಅಗ್ಗ. ಪತ್ರಿಕೆ ಎರಡು, ಪುಸ್ತಕ ಎರಡು, ಒಟ್ಟು ನಾಲ್ಕು ವಸ್ತು. ನಿಮ್ಮ ಬಜೆಟ್ಟಿನಲ್ಲಿ ಅವಸರವಿಲ್ಲದೆ ಕೂಡಿಸಬಹುದು.

'2001' ನಿಮಗೆ ಹೆಚ್ಚು ಪ್ರಿಯವೆಂದು ನಿಮ್ಮ ಪತ್ರದಿಂದ ತೋರುತ್ತದೆ. ಅದರ ಬೇರು 'ದ ಸೆಂಟಿನೆಲ್' ಕಥೆಯಲ್ಲಿದೆ. 1948ರಲ್ಲಿ ಬಿಬಿಸಿಯ ಕಥಾಸ್ಪರ್ಧೆಗೆಂದು ಬರೆದದ್ದು, ಬಹುಮಾನ ಬರಲಿಲ್ಲ. 1951ರ ವಸಂತದಲ್ಲಿ 'ಸೆಂಟಿನೆಲ್ ಆಫ್ ಎಟರ್ನಿಟಿ' ಎಂಬ ಹೆಸರಿನಲ್ಲಿ 'ಟೆನ್ ಸ್ಟೋರಿ ಫ್ಯಾಂಟಸಿ' ಪತ್ರಿಕೆಯಲ್ಲಿ ಅಚ್ಚಾಯಿತು. ಆ ಪತ್ರಿಕೆ ಬಂದದ್ದು ಒಂದೇ ಸಂಚಿಕೆ. ಹೆಸರಿನಲ್ಲಿ ಹತ್ತು ಕಥೆ, ಒಳಗೆ ಹದಿಮೂರು! ಪಟ್ಟಿಗಳಲ್ಲಿ 'ದ ಸೆಂಟಿನೆಲ್' ಎಂದು ಹುಡುಕಿದರೆ ಈ ಸಂಚಿಕೆ ಸಿಗುವುದಿಲ್ಲ. ಪತ್ರಿಕೆಯ ಹೆಸರಿನಿಂದಲೇ ಹುಡುಕಬೇಕು. ಮುಂದೆ 1953ರ 'ಎಕ್ಸ್‌ಪಿಡಿಷನ್ ಟು ಅರ್ತ್' ಸಂಕಲನ, 1968ರ ಕಾದಂಬರಿ, ಕಡೆಗೆ 1972ರ 'ದ ಲಾಸ್ಟ್ ವರ್ಲ್ಡ್ಸ್ ಆಫ್ 2001'. ಕಾದಂಬರಿ ಬರೆಯುವಾಗ ಕೈಬಿಟ್ಟ ಅಧ್ಯಾಯಗಳನ್ನು ಕ್ಲಾರ್ಕ್ ಈ ಕೊನೆಯ ಪುಸ್ತಕದಲ್ಲಿ ಕೊಟ್ಟಿದ್ದಾರೆ. ಇದು ಸಿಗ್ನೆಟ್ ಪೇಪರ್‌ಬ್ಯಾಕ್ ಆಗಿಯೇ ಮೊದಲು ಬಂದದ್ದು. ನಿಮ್ಮ ಮೊದಲ ಖರೀದಿ ಇದಾಗಲಿ. ಬೆಲೆ ಹೆಚ್ಚಿಲ್ಲ, ಮತ್ತು ನಿಮ್ಮಲ್ಲಿರುವ ಕ್ಲಬ್ ಪ್ರತಿಯ ಜೊತೆಗಿಟ್ಟು ಓದಿದರೆ ಆ ಪ್ರತಿಯೂ ಸಾರ್ಥಕವಾಗುತ್ತದೆ.

ಇನ್ನೊಂದು ಹಾದಿ 'ಅಗೇನ್‌ಸ್ಟ್ ದ ಫಾಲ್ ಆಫ್ ನೈಟ್' ಕೃತಿಯದು: 1948ರ ನವೆಂಬರಿನ 'ಸ್ಟಾರ್ಟ್ಲಿಂಗ್ ಸ್ಟೋರೀಸ್', 1953ರ ನೋಮ್ ಪ್ರೆಸ್ ಪುಸ್ತಕ, ಅದನ್ನೇ ಬುಡದಿಂದ ಹೊಸದಾಗಿ ಬರೆದ 1956ರ 'ದ ಸಿಟಿ ಅಂಡ್ ದ ಸ್ಟಾರ್ಸ್'. ಇದನ್ನು ಸದ್ಯಕ್ಕೆ ಬದಿಗಿಡಿ.

ಪತ್ರಿಕೆ ಮೊದಲು, ಪುಸ್ತಕ ಆಮೇಲೆ ಎಂಬ ಕ್ರಮ ಎಲ್ಲ ಕಡೆಯೂ ನಡೆಯುವುದಿಲ್ಲ. 'ರಾಂಡೆವೂ ವಿತ್ ರಾಮ' 1973ರಲ್ಲಿ ಲಂಡನ್ನಿನ ಗೊಲಾನ್ಸ್ ಸಂಸ್ಥೆಯಿಂದ ಪುಸ್ತಕವಾಗಿ ಬಂದ ಮೇಲೆಯೇ 'ಗ್ಯಾಲಕ್ಸಿ' ಪತ್ರಿಕೆಯ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಸಂಚಿಕೆಗಳಲ್ಲಿ ಧಾರಾವಾಹಿಯಾಯಿತು. 'ಪ್ರಿಲ್ಯೂಡ್ ಟು ಸ್ಪೇಸ್' 1951ರಲ್ಲಿ ಮೊದಲು ಕಾಣಿಸಿಕೊಂಡದ್ದು 'ಗ್ಯಾಲಕ್ಸಿ ಸೈನ್ಸ್ ಫಿಕ್ಷನ್ ನಾವೆಲ್' ಮಾಲೆಯ ಮೂರನೆಯ ಸಂಖ್ಯೆಯಾಗಿ. ನೋಡಿದರೆ ಪತ್ರಿಕೆಯ ರೂಪ, ಒಳಗೆ ಇಡೀ ಕಾದಂಬರಿ. ಬ್ರಿಟನ್ನಿನ ರಟ್ಟಿನ ಪ್ರತಿ ಬಂದದ್ದು 1953ರಲ್ಲಿ. 'ಟೇಲ್ಸ್ ಫ್ರಮ್ ದ ವೈಟ್ ಹಾರ್ಟ್' 1957ರಲ್ಲಿ ನೇರವಾಗಿ ಪೇಪರ್‌ಬ್ಯಾಕ್. ಇಂಥವು ಬಡ ಸಂಗ್ರಾಹಕನ ಪಾಲಿನ ಭಾಗ್ಯ. ರಟ್ಟಿನ ಪ್ರತಿಗಳ ಬೆನ್ನುಹತ್ತಿದವರು ಇವುಗಳನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಬೇರೆ ಹೆಸರಿನಲ್ಲಿ ಬಂದವನ್ನೂ ಮರೆಯಬೇಡಿ. ವಾಲ್ಟರ್ ಗಿಲ್ಲಿಂಗ್ಸ್ ಸಂಪಾದಿಸಿದ ಬ್ರಿಟನ್ನಿನ 'ಫ್ಯಾಂಟಸಿ' ಪತ್ರಿಕೆ 1946-47ರಲ್ಲಿ ಮೂರೇ ಸಂಚಿಕೆ ಕಂಡಿತು. ಮೂರರಲ್ಲೂ ಕ್ಲಾರ್ಕ್ ಇದ್ದಾರೆ. ಒಂದರಲ್ಲಿ ಚಾರ್ಲ್ಸ್ ವಿಲ್ಲಿಸ್, ಇನ್ನೊಂದರಲ್ಲಿ ಇ. ಜಿ. ಓಬ್ರಿಯನ್ ಎಂಬ ಹೆಸರಿನಲ್ಲಿ. ಪರಿವಿಡಿ ನೋಡಿ ಕ್ಲಾರ್ಕ್ ಹೆಸರಿಲ್ಲವೆಂದು ಕೆಳಗಿಟ್ಟರೆ ಹೋಯಿತು. ಹೀಗೆ ಹೆಸರು ಮರೆಸುವುದು ನಮ್ಮಲ್ಲೂ ಉಂಟು: ಖಗೋಳ ವಿಜ್ಞಾನಿ ಜಯಂತ ನಾರಳೀಕರ ಅವರು ತಮ್ಮ ಮೊದಲ ಮರಾಠಿ ವಿಜ್ಞಾನ ಕಥೆಯನ್ನು 1974ರಲ್ಲಿ ಸ್ಪರ್ಧೆಗೆ ಕಳಿಸಿದ್ದು ನಾರಾಯಣ ವಿನಾಯಕ ಜಗತಾಪ ಎಂಬ ಹೆಸರಿನಲ್ಲಿ, ಅಕ್ಷರದ ಗುರುತು ಸಿಗಬಾರದೆಂದು ಪತ್ನಿಯ ಕೈಯಿಂದ ಬರೆಸಿ. ಇನ್ನು ಕ್ಲಾರ್ಕ್ ಅವರ 1937-38ರ ಎಳವೆಯ ಬರಹಗಳು 'ಅಮೆಚೂರ್ ಸೈನ್ಸ್ ಸ್ಟೋರೀಸ್' ಎಂಬ ಹವ್ಯಾಸಿ ಪತ್ರಿಕೆಯಲ್ಲಿವೆ. ಅವು ಹೊರಗೆ ಬರುವುದೇ ಅಪರೂಪ. ಹೆಸರು ಗೊತ್ತಿದ್ದರೆ ಸಾಕು.

ಕಥೆಯಲ್ಲದ ಒಂದನ್ನು ಭೌತಶಾಸ್ತ್ರದ ಮೇಷ್ಟ್ರಾದ ನಿಮಗೆ ಹೇಳಲೇಬೇಕು. ಭೂಮಿಯೊಂದಿಗೆ ಸಮಗತಿಯಲ್ಲಿ ಸುತ್ತುವ ಮೂರು ಉಪಗ್ರಹಗಳಿಂದ ಇಡೀ ಜಗತ್ತಿಗೆ ರೇಡಿಯೊ ಸಂಪರ್ಕ ಕೊಡಬಹುದು ಎಂದು ಕ್ಲಾರ್ಕ್ ಬರೆದ 'ಎಕ್ಸ್‌ಟ್ರಾ ಟೆರೆಸ್ಟ್ರಿಯಲ್ ರಿಲೇಸ್' ಲೇಖನ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯ 1945ರ ಅಕ್ಟೋಬರ್ ಸಂಚಿಕೆಯಲ್ಲಿದೆ, 305ರಿಂದ 308ನೇ ಪುಟ. ಅದು ರೇಡಿಯೊ ತಂತ್ರಜ್ಞರ ಪತ್ರಿಕೆ. ರೇಡಿಯೊ ರಿಪೇರಿಯವರ, ನಿವೃತ್ತ ಎಂಜಿನಿಯರುಗಳ ಮನೆಯ ಹಳೆಯ ಗಂಟುಗಳಲ್ಲಿ ಇಂಥ ಪತ್ರಿಕೆ ಇರುವ ಸಂಭವ, ಕಥಾ ಪತ್ರಿಕೆಗಳು ಇರುವ ಸಂಭವಕ್ಕಿಂತ ಹೆಚ್ಚು. ರದ್ದಿ ಅಂಗಡಿಯವರಿಗೆ ಈ ಹೆಸರನ್ನು ಬರೆದುಕೊಟ್ಟಿಡಿ.

ಕೊಳ್ಳುವ ಮೊದಲು ಒಂದು ನೋಟುಪುಸ್ತಕದಲ್ಲಿ ನಿಮ್ಮದೇ ಪಟ್ಟಿ ಮಾಡಿಕೊಳ್ಳಿ. ಅಂತರಜಾಲದ 'ಇಂಟರ್ನೆಟ್ ಸ್ಪೆಕ್ಯುಲೇಟಿವ್ ಫಿಕ್ಷನ್ ಡೇಟಾಬೇಸ್' ಉಚಿತ. ಪ್ರತಿ ಕಥೆ ಯಾವ ಸಂಚಿಕೆ, ಯಾವ ಪುಟ, ಯಾವ ಹೆಸರು ಎಂದು ತೋರಿಸುತ್ತದೆ. ಮುದ್ರಣಗಳನ್ನು ಗುರುತಿಸುವುದಕ್ಕೆ ಎಲ್. ಡಬ್ಲ್ಯು. ಕರಿ ಅವರ 1979ರ ಗ್ರಂಥಸೂಚಿಯನ್ನು ಸಂಗ್ರಾಹಕರು ಇಂದಿಗೂ ಪ್ರಮಾಣವೆಂದು ಇಟ್ಟುಕೊಳ್ಳುತ್ತಾರೆ. ಪುಸ್ತಕದ ಹಕ್ಕುಸ್ವಾಮ್ಯ ಪುಟವನ್ನು ಓದುವ ರೀತಿ ಪ್ರಕಾಶಕರಿಂದ ಪ್ರಕಾಶಕರಿಗೆ ಬೇರೆ. ಎಪ್ಪತ್ತರ ದಶಕದ ಗೊಲಾನ್ಸ್ ಪುಸ್ತಕದಲ್ಲಿ ಮೊದಲ ಮುದ್ರಣ ಎಂದು ಬರೆದೇ ಇರುವುದಿಲ್ಲ. ಮರುಮುದ್ರಣವಾದರೆ ಮಾತ್ರ ಅದನ್ನು ನಮೂದಿಸುತ್ತಿದ್ದರು. ಆಮೇಲಿನ ಕಾಲದ ಬಹಳಷ್ಟು ಪ್ರಕಾಶಕರು ಅಂಕೆಗಳ ಸಾಲು ಹಾಕುತ್ತಾರೆ. ಸಾಲಿನ ಅತಿ ಸಣ್ಣ ಅಂಕೆ ಎಷ್ಟನೆಯ ಮುದ್ರಣವೆಂದು ಹೇಳುತ್ತದೆ. ಇದಕ್ಕೂ ಅಪವಾದಗಳಿವೆ. ಹಾಗಾಗಿ ಪ್ರತಿ ಪ್ರಕಾಶಕನ ರೂಢಿಯನ್ನೂ ಬೇರೆಯಾಗಿ ಬರೆದಿಟ್ಟುಕೊಳ್ಳಬೇಕು.

ವಿದೇಶದಿಂದ ತರಿಸುವಾಗ ಮಾರಾಟಗಾರರ 'ಗುಡ್' ಎಂಬ ಮಾತಿಗೆ ಮೋಸಹೋಗಬೇಡಿ. ಹಳೆಯ ಪುಸ್ತಕದ ವ್ಯಾಪಾರದಲ್ಲಿ 'ಫೈನ್' ಎಂದರೆ ಹೊಸದರಂತೆ, 'ವೆರಿ ಗುಡ್' ಎಂದರೆ ಬಳಸಿದ್ದು ಆದರೆ ಗಟ್ಟಿ, 'ಗುಡ್' ಎಂದರೆ ಸವೆದದ್ದು. ಪತ್ರಿಕೆಯಾದರೆ ಐದು ಚಿತ್ರ ಕೇಳಿ: ಮುಖಪುಟ, ಹಿಂಪುಟ, ಬೆನ್ನು, ಪರಿವಿಡಿ, ಮತ್ತು ಕ್ಲಾರ್ಕ್ ಕಥೆಯ ಮೊದಲ ಪುಟ. ಒಳಗಿನ ಪುಟಗಳೆಲ್ಲ ಇವೆಯೇ ಎಂದು ಲಿಖಿತವಾಗಿ ಕೇಳಿ. ಜಾಹೀರಾತಿನ ಕೂಪನ್ ಕತ್ತರಿಸಿದ್ದರೆ ಅದರ ಬೆನ್ನಿಗಿದ್ದ ಕಥೆಯ ಸಾಲುಗಳೂ ಹೋಗಿರುತ್ತವೆ. ಅಂಚೆ ವೆಚ್ಚ ಎಷ್ಟೋ ಸಲ ಪತ್ರಿಕೆಯ ಬೆಲೆಯನ್ನೇ ಮೀರುತ್ತದೆ. ಆದ್ದರಿಂದ ಒಬ್ಬನೇ ಮಾರಾಟಗಾರನಲ್ಲಿ ಎರಡು ಮೂರು ತಿಂಗಳ ಹಣ ಕೂಡಿಸಿ ಒಟ್ಟಿಗೆ ಕೊಳ್ಳುವುದು ಲೇಸು. ಆಮದು ಪುಸ್ತಕಗಳ ಮೇಲೆ 2019ರ ಬಜೆಟ್ಟಿನಲ್ಲಿ ಶೇಕಡಾ 5ರ ಸುಂಕ ಬಂದದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ. 'ಎ ಮೀಟಿಂಗ್ ವಿತ್ ಮೆಡೂಸಾ' ಎಂಬ ಅವರ ಅತ್ಯುತ್ತಮ ನೀಳ್ಗತೆ ಮೊದಲು ಬಂದದ್ದು 1971ರ ಡಿಸೆಂಬರಿನ 'ಪ್ಲೇಬಾಯ್' ಸಂಚಿಕೆಯಲ್ಲಿ. ಅದನ್ನು ಅಂಚೆಯಲ್ಲಿ ತರಿಸುವ ಸಾಹಸ ಬೇಡ, ಕಸ್ಟಮ್ಸ್‌ನವರು ತಡೆದರೆ ಹಣವೂ ಹೋಗುತ್ತದೆ, ಮುಜುಗರವೂ ಆಗುತ್ತದೆ. 1972ರ 'ದ ವಿಂಡ್ ಫ್ರಮ್ ದ ಸನ್' ಸಂಕಲನದಲ್ಲಿ ಆ ಕಥೆಯಿದೆ.

ಕಾಪಾಡುವ ವಿಷಯಕ್ಕೆ ಬಂದರೆ, ಬಂದ ಪತ್ರಿಕೆಯನ್ನು ಮೊದಲು ಮೂಸಿ ನೋಡಿ. ಹುಳಿ ಮಿಶ್ರಿತ ಒಣ ವಾಸನೆ ಇದ್ದರೆ ಅದು ಕಾಗದದ್ದೇ ಗುಣ. ಆ ಕಾಲದ ಕಥಾ ಪತ್ರಿಕೆಗಳನ್ನು ಅಗ್ಗದ ಮರದ ತಿರುಳಿನ ಕಾಗದದ ಮೇಲೆ ಮುದ್ರಿಸುತ್ತಿದ್ದರು. ಅದರಲ್ಲಿ ಉಳಿದ ಲಿಗ್ನಿನ್ ಬೆಳಕು, ಶಾಖ ತಾಗಿದಂತೆ ಕಂದುತ್ತದೆ, ಆಮ್ಲ ಹೆಚ್ಚಿ ಕಾಗದ ಮುರುಕಾಗುತ್ತದೆ. ಅಂಚಿನಿಂದ ಒಳಗೆ ಕಂದು ಬಣ್ಣ ಹರಿದಿರುವುದನ್ನು ನೀವು ನಿಮ್ಮ 'ಅಸ್ಟೌಂಡಿಂಗ್' ಸಂಚಿಕೆಯಲ್ಲೇ ಕಾಣಬಹುದು. ಇಂಥ ಪುಟವನ್ನು ಮೂಲೆ ಹಿಡಿದು ತಿರುವಬೇಡಿ, ಮೂಲೆ ಕೈಗೆ ಬರುತ್ತದೆ. ಪುಟದ ನಡುಭಾಗದ ಕೆಳಗೆ ಅಂಗೈ ಕೊಟ್ಟು ಎತ್ತಿ ಮಗುಚಿ. ಪೂರ್ತಿ ಅಗಲವಾಗಿ ಬಿಚ್ಚಬೇಡಿ.

ವಾಸನೆ ಮಣ್ಣಿನಂತೆ, ತೇವದಂತೆ ಇದ್ದರೆ ಬೂಷ್ಟು ಹಿಡಿದಿದೆ ಎಂದರ್ಥ. ಅದನ್ನು ಉಳಿದ ಪುಸ್ತಕಗಳಿಂದ ಬೇರೆಯಿಡಿ. ಬಿಸಿಲಿಗೆ ಹಾಕಬೇಡಿ, ನೆರಳಿನಲ್ಲಿ ಫ್ಯಾನಿನ ಗಾಳಿಗೆ ಪೂರ್ತಿ ಒಣಗಿಸಿ, ಆಮೇಲೆ ಮನೆಯ ಹೊರಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಹುಳುವಿನ ಅನುಮಾನವಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಎರಡು ವಾರ ಡೀಪ್ ಫ್ರೀಜರಿನಲ್ಲಿಡಿ. ತೆಗೆದ ಮೇಲೆ ಚೀಲವನ್ನು ಒಂದು ಇಡೀ ದಿನ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕೂಡುತ್ತದೆ.

ಧಾರವಾಡದ ಮಳೆಗಾಲ ಪುಸ್ತಕಕ್ಕೆ ಶತ್ರು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಗದಗಿನಲ್ಲಿ ನಿಮಗೆ ಆ ಕಷ್ಟ ಕಡಿಮೆ. ನಿಮ್ಮ ಕಷ್ಟ ಬೇಸಿಗೆಯ ಕಾವು, ಎರೆಮಣ್ಣಿನ ಧೂಳು, ಗೆದ್ದಲು. ಗೋಡೆಗೂಡಿನಲ್ಲಿ ಇಡಬೇಡಿ. ಉಕ್ಕಿನ ತಿಜೋರಿಯನ್ನು ಗೋಡೆಯಿಂದ ಒಂದು ಗೇಣು ಸರಿಸಿ, ಪಶ್ಚಿಮದ ಗೋಡೆಗೆ ತಾಗದಂತೆ ನಿಲ್ಲಿಸಿ. ಪ್ರತಿ ಪತ್ರಿಕೆಯನ್ನೂ ಪಾಲಿಯೆಸ್ಟರ್ ಹಾಳೆಯ ಲಕೋಟೆಯಲ್ಲಿ, ಬೆನ್ನಿಗೆ ಆಮ್ಲರಹಿತ ರಟ್ಟು ಕೊಟ್ಟು ಇಡಿ. ಶಾಲಾ ಪುಸ್ತಕಕ್ಕೆ ಹಾಕುವ ಮೆತ್ತನೆಯ ಪಿವಿಸಿ ಹೊದಿಕೆ ಬೇಡ; ಕಾಲ ಕಳೆದಂತೆ ಅದು ಅಂಟಾಗಿ ಮುಖಪುಟದ ಬಣ್ಣವನ್ನು ಎಳೆದುಕೊಳ್ಳುತ್ತದೆ. ಡಾಂಬರು ಗುಳಿಗೆಯನ್ನು ಕಾಗದಕ್ಕೆ ತಾಗಿಸಿ ಇಡಬೇಡಿ. ಹರಿದಲ್ಲಿ ಸೆಲ್ಲೋ ಟೇಪ್ ಹಚ್ಚಬೇಡಿ, ಫೆವಿಕಾಲ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಕನಸಿನಲ್ಲೂ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ ಬೈಂಡಿಂಗಿಗೆ ಕೊಡಬೇಡಿ.

ಈ ಕೊನೆಯ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಕಡೆ ಪುಸ್ತಕ ಪ್ರೀತಿ ಎಂದರೆ ಬೈಂಡಿಂಗ್ ಮಾಡಿಸುವುದು ಎಂದೇ ರೂಢಿ. ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ, ವಾಚನಾಲಯಗಳಲ್ಲಿ ಆರಾರು ಸಂಚಿಕೆ ಸೇರಿಸಿ ರೆಕ್ಸಿನ್ ಬೆನ್ನು ಹಾಕಿಸುತ್ತಿದ್ದರು. ಹಾಗೆ ಮಾಡುವಾಗ ಬೈಂಡರ್ ಮುಖಪುಟಗಳನ್ನು ಕಿತ್ತು ಹಾಕುತ್ತಾನೆ, ಜಾಹೀರಾತಿನ ಪುಟಗಳು ಹೋಗುತ್ತವೆ, ಮೂರೂ ಅಂಚನ್ನು ಕತ್ತರಿಸುತ್ತಾನೆ. ಸಂಚಿಕೆಯ ತಿಂಗಳು, ಬೆಲೆ, ಚಿತ್ರಕಾರನ ಹೆಸರು, ಎಲ್ಲವೂ ಆ ಕತ್ತರಿಗೆ ಬಲಿ. ಓದಲು ಅದು ಸರಿ. ಸಂಗ್ರಹಕ್ಕೆ ಆ ಸಂಚಿಕೆ ಅರ್ಧ ಸತ್ತ ಹಾಗೆ.

ರದ್ದಿ ಅಂಗಡಿಯಲ್ಲಿ ಒಂದು ನಿಯಮ ಪಾಲಿಸಿ. ಗ್ರಂಥಾಲಯದ ಮುದ್ರೆಯಿರುವ ಪುಸ್ತಕದ ಮೇಲೆ ತೆಗೆದುಹಾಕಲಾಗಿದೆ ಎಂಬ ಷರಾ ಇಲ್ಲದಿದ್ದರೆ, ಎಷ್ಟೇ ಅಪರೂಪದ್ದಾದರೂ ಕೊಳ್ಳಬೇಡಿ. ಸಾಧ್ಯವಾದರೆ ಆ ಗ್ರಂಥಾಲಯಕ್ಕೆ ತಿಳಿಸಿ.

ನೀವು ಕೇಳದ ಒಂದು ವಿಷಯವನ್ನು ಇಲ್ಲಿ ಹೇಳುತ್ತೇನೆ. ಕ್ಲಾರ್ಕ್ ಅವರ ಕಥೆ ಎಲ್ಲಿ ಯಾವಾಗ ಬಂತು ಎಂಬುದನ್ನು ಬೇರೆಯವರು ಆಗಲೇ ಹುಡುಕಿ ಬರೆದಿಟ್ಟಿದ್ದಾರೆ. ನೀವು ಆ ಪಟ್ಟಿಯನ್ನು ಅನುಸರಿಸಿದರೆ ಆಯಿತು. ಕನ್ನಡದ ವಿಜ್ಞಾನ ಕಥೆಗಳಿಗೆ ಇದೇ ಕೆಲಸವನ್ನು ಮಾಡಲು ಗದಗ, ಹುಬ್ಬಳ್ಳಿ, ಧಾರವಾಡಕ್ಕಿಂತ ಒಳ್ಳೆಯ ಜಾಗವಿಲ್ಲ. 1921ರಲ್ಲಿ ಆರಂಭವಾದ 'ಕರ್ಮವೀರ', 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ 'ಕಸ್ತೂರಿ' ನಮ್ಮ ಮನೆಗಳ ಅಟ್ಟದ ಮೇಲೆ ಇನ್ನೂ ಇವೆ. ಪಾವೆಂ ಆಚಾರ್ಯರು 'ಕಸ್ತೂರಿ'ಯನ್ನು ಸಂಪಾದಿಸಿದ ಕಾಲದಲ್ಲಿ ವಿಜ್ಞಾನದ ಬರಹಕ್ಕೆ ಅಲ್ಲಿ ಧಾರಾಳವಾಗಿ ಜಾಗವಿತ್ತು. 1965ರ 'ಸುಧಾ', 1968ರ 'ಮಯೂರ' ಸೇರಿಸಿಕೊಳ್ಳಿ. ಕನ್ನಡದಲ್ಲಿ ವಿಜ್ಞಾನ ಕಥೆಗಳನ್ನು ಬರೆದ ರಾಜಶೇಖರ ಭೂಸನೂರಮಠ ಅವರನ್ನೇ ತೆಗೆದುಕೊಳ್ಳಿ. ನ್ಯಾಷನಲ್ ಬುಕ್ ಟ್ರಸ್ಟ್ 1993ರಲ್ಲಿ ಬಾಳ ಫೊಂಡಕೆ ಅವರ ಸಂಪಾದಕತ್ವದಲ್ಲಿ ತಂದ ಭಾರತೀಯ ವಿಜ್ಞಾನ ಕಥೆಗಳ ಇಂಗ್ಲಿಷ್ ಸಂಕಲನ 'ಇಟ್ ಹ್ಯಾಪನ್ಡ್ ಟುಮಾರೊ'ದಲ್ಲಿ ಅವರ 'ವೀನಸ್ ಈಸ್ ವಾಚಿಂಗ್' ಇದೆ. ಅವರ ಒಂದೊಂದು ಕನ್ನಡ ಕಥೆಯೂ ಯಾವ ಸಂಚಿಕೆಯಲ್ಲಿ, ಯಾರ ಚಿತ್ರದೊಂದಿಗೆ ಬಂತು ಎಂದು ಪತ್ರಿಕೆಯನ್ನೇ ಕೈಯಲ್ಲಿ ಹಿಡಿದು ನಮೂದಿಸುವುದು ನಿಮ್ಮಂಥವರಿಗೆ ಹೇಳಿ ಮಾಡಿಸಿದ ಕೆಲಸ.

ಪ್ರತಿ ಕಥೆಗೆ ಒಂದು ಕಾರ್ಡು ಮಾಡಿ. ಪತ್ರಿಕೆ, ಸಂಪುಟ, ಸಂಚಿಕೆ, ತಿಂಗಳು, ಪುಟ, ಅಚ್ಚಾದಂತೆ ಲೇಖಕರ ಹೆಸರು, ಚಿತ್ರಕಾರ, ಮೊದಲ ವಾಕ್ಯ. ಮೊದಲ ವಾಕ್ಯವನ್ನು ಬಿಡಬೇಡಿ. ಕಥೆ ಮುಂದೆ ಬೇರೆ ಹೆಸರಿನಲ್ಲಿ ಸಂಕಲನಕ್ಕೆ ಬಂದಾಗ ಗುರುತು ಹಿಡಿಯುವುದು ಅದರಿಂದಲೇ. ಧಾರಾವಾಹಿಯ ಪುಟಗಳನ್ನು ವಾರವಾರವೂ ಕಿತ್ತು ಹೊಲಿದಿಟ್ಟುಕೊಂಡ ಮನೆಗಳು ನಮ್ಮಲ್ಲಿ ಬಹಳ. ಅಂಥ ಕಟ್ಟು ಸಿಕ್ಕರೆ ಮೇಲೆ ನಾನು ಬೈಂಡಿಂಗಿನ ಬಗ್ಗೆ ಹೇಳಿದ್ದನ್ನೆಲ್ಲ ಬದಿಗಿಟ್ಟು ಕೊಂಡುಕೊಳ್ಳಿ, ಏಕೆಂದರೆ ಆ ಪಠ್ಯ ಬೇರೆಲ್ಲೂ ಉಳಿದಿಲ್ಲದೆ ಇರಬಹುದು. ಕನ್ನಡ ಪುಸ್ತಕದ ಮುದ್ರಣ ವಿವರದ ಪುಟ ಇಂಗ್ಲಿಷಿನದಕ್ಕಿಂತ ಎಷ್ಟೋ ಸಲ ಹೆಚ್ಚು ಹೇಳುತ್ತದೆ: ಮೊದಲ ಮುದ್ರಣದ ವರ್ಷ, ಪ್ರತಿಗಳು 1000, ಮುದ್ರಣಾಲಯದ ಹೆಸರು. ಆದರೆ ಹೊಸ ಪ್ರಕಾಶಕರು ಹಳೆಯ ಪುಸ್ತಕವನ್ನು ತಂದಾಗ ತಮ್ಮದನ್ನೂ ಮೊದಲ ಮುದ್ರಣ ಎಂದೇ ಹಾಕಿಕೊಳ್ಳುವುದುಂಟು. ಲೇಖಕರ ಮುನ್ನುಡಿಯ ಕೆಳಗಿರುವ ತಾರೀಖು ನೋಡಿದರೆ ನಿಜ ತಿಳಿಯುತ್ತದೆ.

ಕೊನೆಗೆ ಸಹಿಯ ಪ್ರಶ್ನೆ. ಕ್ಲಾರ್ಕ್ 1956ರಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಶ್ರೀಲಂಕಾದಲ್ಲಿದ್ದರು. ಅಷ್ಟು ದೀರ್ಘ ಕಾಲ, ಅಷ್ಟು ಪ್ರಸಿದ್ಧರಾಗಿದ್ದವರ ಸಹಿ ಸಿಗುವುದೇ ಇಲ್ಲ ಎನ್ನುವಂಥದ್ದಲ್ಲ, ಅದನ್ನು ನಕಲು ಮಾಡುವುದೂ ಕಷ್ಟವಲ್ಲ. ಬರೀ ಸಹಿಗಾಗಿ ಹೆಚ್ಚು ಹಣ ಕೊಡಬೇಡಿ, ಈ ಮೊದಲೆರಡು ವರ್ಷವಂತೂ ಬೇಡವೇ ಬೇಡ. ಮುಂದೆ ಕೊಳ್ಳುವುದಾದರೆ ಯಾರಿಗೆ ಕೊಟ್ಟದ್ದು, ಯಾವ ಊರಿನಲ್ಲಿ, ಯಾವ ತಾರೀಖು ಎಂದು ಅವರ ಕೈಬರಹದಲ್ಲೇ ಇರುವ ಪ್ರತಿಯನ್ನು ಆರಿಸಿ. ಆ ತಾರೀಖಿನಲ್ಲಿ ಅವರು ಆ ಊರಿನಲ್ಲಿದ್ದರೇ, ಪುಸ್ತಕದ ಆ ಮುದ್ರಣ ಅಷ್ಟರೊಳಗೆ ಬಂದಿತ್ತೇ ಎಂದು ನೀವೇ ತಾಳೆ ನೋಡಬಹುದು. ಚೀಟಿಯ ಮೇಲೆ ಮಾಡಿದ ಸಹಿಯನ್ನು ಪುಸ್ತಕಕ್ಕೆ ಅಂಟಿಸಿದ್ದರೆ ಅದಕ್ಕೆ ಬೇರೆಯೇ ಬೆಲೆ, ಬಹಳ ಕಡಿಮೆ.